ಅಜ್ಜಿ ಹೊಲಿಗಿ ಮಷಿನ್ ಗುಜರಿಗಿ ಹಾಕಬ್ಯಾಡ್ರಿ

ಸಂಪಾದಕರೇ,

ನಮ್ಮಜ್ಜಿದು ಸಿಂಗರ್ ಮಷಿನ್ ಆಳಂದದ ಮನ್ಯಾಗ ಜೋಳದ ಚೀಲದ ಹಿಂದ ಬಿದ್ದಿತ್ತು, ಕಲಬುರಗಿಗಿ ತಂದು ಒಂದ್ ಅಂಗಡ್ಯಾಗ ತೋರಿಸಿದ್ರ ‘ಸ್ಕ್ರಾಪ್ ರೀ, ಕೆಜಿ ಲೆಕ್ಕಕ್ಕ ಕೊಡ್ರಿ’ ಅಂದಬಿಟ್ಟ. ಸಿಟ್ಟು ಬಂತು. ಮನ್ಯಾಗೇ ಕುಂತು, ಗಟ್ಟಿಯಾದ ಹಳೀ ಎಣ್ಣಿ ಬಿಡ್ಲಿ ಅಂತ ಸೀಮೆಎಣ್ಣಿ ಹಾಕಿ ಎರಡು ದಿನ ಬಿಟ್ಟು, ಆಮ್ಯಾಲ ಒರೆಸಿ ಮಷಿನ್ ಎಣ್ಣಿ ಹಾಕಿದ್ರ ಚಕ್ರ ತಿರುಗೇ ಬಿಡ್ತು, ಬಾಬಿನ್ ಕೇಸ್ ಬಿಚ್ಚಿದ್ರ ಒಳಗ ಕೆಂಪು ದಾರ ಇನ್ನಾ ಅದ, ಯಾರದೋ ಕುಬಸಕ್ಕ ಹಾಕಿದ್ದಿರಬೇಕು (ನಾ ತೆಗೆದಿಲ್ಲ). ಮಷಿನ್ ಮ್ಯಾಲಿನ ನಂಬರ್ ಹಿಡ್ದು ಹುಡುಕಿದ್ರ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ದಾಗ ಮಾಡಿದ್ದಂತ, ಆ ಕಾರ್ಖಾನಿ 1980ಕ್ಕೇ ಮುಚ್ಚ್ಯಾದ, ಮಷಿನ್ ಮಾತ್ರ ನಡೀಲತದ! ತೊಗಲಿನ ಬೆಲ್ಟ್ ಒಂದೇ ಹೊಸದು. ಇಂಥಾ ರಿಪೇರಿ ಬಲ್ಲ ಹಳೇ ಮೇಸ್ತ್ರಿಗಳು ನಮ್ಮ ಕಡಿ ಎಲ್ಲೆಲ್ಲಿ ಅದಾರ, ನಿಮ್ಮ ಪೇಪರ್‌ನಾಗ ಬರೀರಿ.

– ಒಬ್ಬ ಓದುಗ, ಕಲಬುರಗಿ