ಕಂಪ್ಯೂಟರ್ ಬಂತು, ಪುಸ್ತಕ ಎಲ್ಲಿದೆ ಅಂತ ಹೇಳುವವರು ಬರಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಪಂಚಾಯಿತಿ ಗ್ರಂಥಾಲಯಗಳೆಲ್ಲ ಈಗ ‘ಅರಿವು ಕೇಂದ್ರ’ ಆಗಿವೆ. ನಮ್ಮ ಹಾವೇರಿ ಕಡೆಯೂ ಗೋಡೆಗೆ ಬಣ್ಣ ಬಂತು, ಕಂಪ್ಯೂಟರ್ ಬಂತು, ಪೇಪರಿನಲ್ಲಿ ರಿಬ್ಬನ್ ಕತ್ತರಿಸುವ ಫೋಟೊನೂ ಬಂತು. ಸಂತೋಷ. ಆದರೆ ನಾನು ಹೋಗುವ ಗ್ರಂಥಾಲಯದಲ್ಲಿ ಆ ಕಂಪ್ಯೂಟರಿಗೆ ಹೊದಿಸಿದ ಬಟ್ಟೆ ತೆಗೆಯುವುದೇ ಅಪರೂಪ. ಪಿಎಸ್‌ಐ, ಪಿಡಿಒ ಪರೀಕ್ಷೆಗೆ ಓದುವ ಹುಡುಗರು ಅದರ ಪ್ಲಗ್ಗಿಗೆ ಮೊಬೈಲ್ ಹಾಕಿರುತ್ತಾರೆ. ಅವರನ್ನು ಬೈದು ಉಪಯೋಗ ಇಲ್ಲ, ಆ ಕೋಣೆಯಲ್ಲಿ ಬೇರೆ ಪ್ಲಗ್ಗೇ ಇಲ್ಲ.

ಈಚೆಗೆ ಬಿಎ ಓದುವ ಹುಡುಗಿಯೊಬ್ಬಳು ಬಂದು ಗಳಗನಾಥರ ಕಾದಂಬರಿ ಯಾವುದಾದರೂ ಇದೆಯಾ ಅಂತ ಕೇಳಿದಳು. ‘ಇಲ್ಲಮ್ಮಾ’ ಅಂದರು ಮೇಲ್ವಿಚಾರಕರು, ಮುಗೀತು. ಗಳಗನಾಥರು ನಮ್ಮ ಜಿಲ್ಲೆಯವರೇ. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿ ಕನ್ನಡಿಗರಿಗೆ ಓದುವ ಚಟ ಹಿಡಿಸಿದವರು. 1942ರಲ್ಲಿ ತೀರಿಕೊಂಡರು. ಅವರ ಹಳೇ ಕಾದಂಬರಿಗಳು ಸ್ಕ್ಯಾನ್ ಆಗಿ ‘ಇಂಟರ್ನೆಟ್ ಆರ್ಕೈವ್’ ಅನ್ನುವ ಹಳೇ ಪುಸ್ತಕಗಳ ತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಆ ಬಟ್ಟೆ ಹೊದಿಸಿದ ಕಂಪ್ಯೂಟರೂ ಆಕೆ ನಿಂತಿದ್ದ ಜಾಗದಿಂದ ಎರಡು ಮಾರು ದೂರ ಇರಲಿಲ್ಲ ನೋಡಿ.

ಸರಿ, ಬಟ್ಟೆ ತೆಗೆದು ಕೂತಳು ಅಂತಲೇ ಇಟ್ಟುಕೊಳ್ಳಿ. ಗಳಗನಾಥ ಅಂತ ಕನ್ನಡದಲ್ಲಿ ಟೈಪ್ ಮಾಡಿದರೆ ಎಷ್ಟೋ ಪುಸ್ತಕ ಕಾಣುವುದೇ ಇಲ್ಲ. ಯಾಕೆ ಅಂದರೆ ಅಲ್ಲಿರುವ ಹಳೇ ಕನ್ನಡ ಪುಸ್ತಕಗಳಲ್ಲಿ ಜಾಸ್ತಿ ಪಾಲು ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ದಿಂದ ಬಂದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೊತೆ ಸೇರಿ ಮಾಡಿದ ಕೆಲಸ ಅದು. ಆಗ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿಟ್ಟರು. ದೀರ್ಘ ಬಂದಲ್ಲಿ ‘ಎ’ ಎರಡು ಸಲ. ಟ, ಡ ಬಂದರೆ ಅಕ್ಷರದ ಪಕ್ಕ ಮೇಲೊಂದು ಚಿಕ್ಕ ಗೀರು. ಕನ್ನಡ ಅನ್ನುವ ಹೆಸರಿಗೂ ಒಂದು ಗೀರು ಅಂಟಿಕೊಂಡಿರುತ್ತದೆ! ಮೊಬೈಲಿನಲ್ಲಿ ಹಾಗೆ ಯಾರು ಟೈಪ್ ಮಾಡುತ್ತಾರೆ? ಆಮೇಲೆ ಆ ಮೂಲ ವೆಬ್‌ಸೈಟೂ ನಿಂತುಹೋಯಿತು. ಪ್ರತಿಗಳು ಆರ್ಕೈವ್‌ನಲ್ಲಿ ಉಳಿದುಕೊಂಡಿದ್ದು ನಮ್ಮ ಪುಣ್ಯ.

ಇದಕ್ಕೆ ದಾರಿ ಮಾಡಿಕೊಟ್ಟವರು ‘ಸಂಚಯ’ ಅನ್ನುವ ಕನ್ನಡದ ಹುಡುಗರ ಗುಂಪು. ಆ ಹೆಸರುಗಳನ್ನು ಮಂದಿಯ ಕೈಯಲ್ಲೇ ಕನ್ನಡಕ್ಕೆ ತಿದ್ದಿಸಿ ‘ಪುಸ್ತಕ ಸಂಚಯ’ ಅಂತ ಹುಡುಕುವ ತಾಣ ಮಾಡಿದರು. ‘ವಚನ ಸಂಚಯ’ವೂ ಅವರದೇ, ಒಂದು ಪದ ಕೊಟ್ಟರೆ ಅದು ಯಾವ ವಚನಕಾರರ ಯಾವ ವಚನದಲ್ಲಿ ಬಂದಿದೆ ಅಂತ ತೋರಿಸುತ್ತದೆ. ಇವೆರಡನ್ನು ನಮ್ಮ ಕಾಲೇಜುಗಳ ಕನ್ನಡ ಮೇಷ್ಟ್ರುಗಳಾದರೂ ಹುಡುಗರಿಗೆ ಹೇಳಬೇಕು ಅಲ್ವಾ?

ಇನ್ನೂ ಇವೆ. ನಿಘಂಟು ಬೇಕಾದರೆ ಮೈಸೂರಿನ ಭಾಷಾ ಸಂಸ್ಥಾನದ ‘ಭಾರತವಾಣಿ’. ಸರ್ಕಾರದ್ದೇ ‘ಕಣಜ’ ಅನ್ನುವ ಕನ್ನಡ ಮಾಹಿತಿಯ ತಾಣ ಇದೆ, ಗ್ರಂಥಾಲಯ ಇಲಾಖೆಯ ಡಿಜಿಟಲ್ ಲೈಬ್ರರಿ ಇದೆ. ಪರೀಕ್ಷೆಗೆ ಓದುವವರಿಗೆ ಖರಗ್‌ಪುರದ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಅನುಕೂಲ. ಸ್ಕ್ಯಾನ್ ಪುಟ ಅಂದರೆ ಬರೀ ಫೋಟೊ, ಅದರೊಳಗೆ ಪದ ಹುಡುಕಲು ಆಗುವುದಿಲ್ಲ. ಅದನ್ನು ಅಕ್ಷರಕ್ಕೆ ಇಳಿಸಿ ತಪ್ಪು ತಿದ್ದುವ ಕೆಲಸ ಕನ್ನಡ ವಿಕಿಸೋರ್ಸ್‌ನಲ್ಲಿ ನಡೆಯುತ್ತದೆ. ಯಾರು ಬೇಕಾದರೂ ಸೇರಬಹುದು. ಡಿಜಿಟಲ್ ಗ್ರಂಥಾಲಯ ಹೇಗೆ ಕೆಲಸ ಮಾಡುತ್ತದೆ ಅಂತ ಕಲಿಯುವ ಆಸೆ ಇದ್ದವರು ಅಲ್ಲಿ ಒಂದು ಪುಟ ತಿದ್ದಿ ನೋಡಲಿ, ಹತ್ತು ಭಾಷಣಕ್ಕಿಂತ ಜಾಸ್ತಿ ತಿಳಿಯುತ್ತದೆ.

ಹಾಗಂತ ನೆಟ್ಟಿನಲ್ಲಿ ಸಿಕ್ಕಿದ್ದೆಲ್ಲ ನಮ್ಮದಲ್ಲ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಆಲೂರು ವೆಂಕಟರಾಯರು ಹೋಗಿದ್ದು 1964ರಲ್ಲಿ. ಹಾಗಾಗಿ 2025ರ ಜನವರಿ 1ರಿಂದ ಅವರ ಬರಹ ಯಾರು ಬೇಕಾದರೂ ಅಚ್ಚು ಹಾಕಬಹುದು, ನೆಟ್ಟಿಗೆ ಏರಿಸಬಹುದು. ಬೇಂದ್ರೆಯವರದಕ್ಕೆ 2041 ಮುಗಿಯುವ ತನಕ ಕಾಯಬೇಕು. ಏಕೀಕರಣಕ್ಕೆ ಜೀವ ತೇಯ್ದ ಆಲೂರರ ಬರಹ ಮುಕ್ತವಾಯಿತಲ್ಲ, ನಮ್ಮ ಧಾರವಾಡ, ಗದಗ, ಹಾವೇರಿಯಲ್ಲಿ ಅದರ ಗದ್ದಲವೇ ನನ್ನ ಕಿವಿಗೆ ಬೀಳಲಿಲ್ಲ. ನವೆಂಬರ್ ಬಂದರೆ ಮಾತ್ರ ಬಾವುಟ ಜೋರು.

ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ನನ್ನ ಕೇಳಿಕೆ ದೊಡ್ಡದೇನಲ್ಲ. ನಾವು ಊರಲ್ಲಿ ಮನೆ ತೆರಿಗೆ ಕಟ್ಟುವಾಗ ಅದರ ಮೇಲೆ ಗ್ರಂಥಾಲಯ ಕರ ಅಂತಲೂ ಕಟ್ಟುತ್ತೇವೆ. ಹೊಸ ಮಷಿನ್ ಕೇಳುತ್ತಿಲ್ಲ. ವಾರಕ್ಕೊಮ್ಮೆ, ಶನಿವಾರ ಅಂತಿಟ್ಟುಕೊಳ್ಳಿ, ಒಂದು ತಾಸು ಯಾರಾದರೂ ಕೂತು ಬಂದವರಿಗೆ ಪುಸ್ತಕ ಹುಡುಕುವುದನ್ನು ತೋರಿಸಲಿ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನ ವಿಭಾಗವೇ ಇದೆ, ಅಲ್ಲಿ ಓದುವ ಹುಡುಗರನ್ನು ಪಾಳಿ ಪ್ರಕಾರ ಕಳಿಸಿದರೆ ಅವರಿಗೂ ಕೆಲಸ ಕಲಿತಂತೆ ಆಗುತ್ತದೆ. ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರಿಗೂ ಮೊದಲು ತರಬೇತಿ ಕೊಡಿ, ಅಷ್ಟು ಕಡಿಮೆ ಸಂಬಳಕ್ಕೆ ದುಡಿಯುವವರು ಸುಮ್ನೆ ತಾವಾಗಿಯೇ ಕಲಿತುಕೊಳ್ಳಲಿ ಅನ್ನುವುದು ನ್ಯಾಯ ಅಲ್ಲ.

ಮೇಲೆ ಹೇಳಿದ ತಾಣಗಳ ವಿಳಾಸವನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಬಾಗಿಲ ಹತ್ತಿರ ಅಂಟಿಸಲಿ. ಜೆರಾಕ್ಸಿನ ದುಡ್ಡು ನಾನೇ ಕೊಡುತ್ತೇನೆ. ಅಂಟಿಸಲು ಯಾರ ಸಹಿ ಬೇಕು ಅಂತ ಮಾತ್ರ ಹೇಳಿದರೆ ಸಾಕು.

— ಗ್ರಂಥಾಲಯದ ಓದುಗ, ಹಾವೇರಿ