ಅಪರಾಧ ನಕ್ಷೆ: ಓದುವ ಕ್ರಮ ತಿಳಿದಿರಲಿ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ ಹತ್ತಿರವಾಗುತ್ತಿದ್ದಂತೆ, ಓದಲೆಂದು ಇಂಗ್ಲೆಂಡಿಗೆ ಹೊರಟ ಮಕ್ಕಳ ತಂದೆತಾಯಂದಿರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಯಾವ ಬೀದಿಯಲ್ಲಿ ಎಷ್ಟು ಅಪರಾಧ ದಾಖಲಾಗಿದೆ ಎಂದು ತೋರಿಸುವ ಅಲ್ಲಿನ ಪೊಲೀಸರ ಅಪರಾಧ ನಕ್ಷೆಯ ಸ್ಕ್ರೀನ್‌ಶಾಟ್‌ಗಳು ಹರಿದಾಡತೊಡಗುತ್ತವೆ. ‘ಈ ಬೀದಿ ಬೇಡ’ ಎಂಬ ತೀರ್ಪೂ ಅದರ ಜೊತೆಗೇ ಬರುತ್ತದೆ. ಕಳೆದ ವರ್ಷ ನಾನೂ ಅಂಥದೇ ತೀರ್ಪು ಕೊಟ್ಟಿದ್ದೆ. ಆದ್ದರಿಂದಲೇ ಈ ಪತ್ರ.

ಮಗಳು ಬಾಡಿಗೆಗೆ ನೋಡಿದ್ದ ಕೋಣೆಯ ಪೋಸ್ಟ್‌ಕೋಡನ್ನು ಪೊಲೀಸ್ ಡಾಟ್ ಯುಕೆ ಜಾಲತಾಣದಲ್ಲಿ ಹಾಕಿದಾಗ, ಆ ಬೀದಿಯ ಮೇಲೆಯೇ ಪ್ರಕರಣಗಳ ಎರಡಂಕಿಯ ಸಂಖ್ಯೆ ಹೊತ್ತ ದೊಡ್ಡ ವೃತ್ತವೊಂದು ಕಾಣಿಸಿತು. ಆ ರಾತ್ರಿಯೇ ಫೋನ್ ಮಾಡಿ ಕೋಣೆ ಬೇಡವೆಂದೆ. ಮರುದಿನ ವೃತ್ತವನ್ನು ಒತ್ತಿ ಒಳಗಿನ ಪಟ್ಟಿ ನೋಡಿದರೆ, ಹೆಚ್ಚಿನವು ಅಂಗಡಿ ಕಳ್ಳತನದ ಪ್ರಕರಣಗಳು; ಸ್ಥಳದ ಮುಂದೆ ‘ಆನ್ ಆರ್ ನಿಯರ್ ಸೂಪರ್‌ಮಾರ್ಕೆಟ್’, ಅಂದರೆ ಸೂಪರ್‌ಮಾರ್ಕೆಟ್‌ನಲ್ಲಿ ಅಥವಾ ಅದರ ಹತ್ತಿರ, ಎಂದಿತ್ತು. ಬೀದಿಯ ತುದಿಯ ಅಂಗಡಿಯಲ್ಲಿ ಯಾರೋ ಸಾಮಾನು ಕದ್ದದ್ದನ್ನು ನಾನು ಮಗಳ ಬಾಗಿಲಿಗೆ ತಂದು ಕಟ್ಟಿದ್ದೆ. ಅಷ್ಟರಲ್ಲಿ ಆ ಕೋಣೆ ಬೇರೆಯವರ ಪಾಲಾಗಿತ್ತು.

ಅಲ್ಲಿನ ಬೀದಿ ಮಟ್ಟದ ನಕ್ಷೆ 2011ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಮೊದಲ ದಿನವೇ ನೋಡುಗರ ನೂಕುನುಗ್ಗಲಿಗೆ ತಾಣ ಕುಸಿಯಿತು ಎಂದರೆ ಜನರ ಕುತೂಹಲ ಎಷ್ಟಿತ್ತೆಂದು ಊಹಿಸಬಹುದು. ಆದರೆ ಘಟನೆ ನಡೆದ ನಿಖರ ಜಾಗವನ್ನು ಈ ನಕ್ಷೆ ತೋರಿಸುವುದೇ ಇಲ್ಲ. ಮೊದಲೇ ಗೊತ್ತುಮಾಡಿಟ್ಟ ಬಿಂದುಗಳ ಪೈಕಿ ಹತ್ತಿರದ ಒಂದಕ್ಕೆ ಪ್ರಕರಣವನ್ನು ಸೇರಿಸಲಾಗುತ್ತದೆ. ಅಂಥ ಬಿಂದುವಿನ ವ್ಯಾಪ್ತಿಯಲ್ಲಿ ಕನಿಷ್ಠ 8 ವಿಳಾಸಗಳಿರಬೇಕು, ಇಲ್ಲವೇ ಉದ್ಯಾನದಂತೆ ಒಂದು ವಿಳಾಸವೂ ಇರಬಾರದು. ತಿಂಗಳನ್ನು ಹೇಳುತ್ತಾರೆ, ದಿನಾಂಕವನ್ನು ಹೇಳುವುದಿಲ್ಲ. ಲೈಂಗಿಕ ಅಪರಾಧಗಳನ್ನು ಹಿಂಸಾಚಾರದ ಜೊತೆ ಒಂದೇ ವರ್ಗದಲ್ಲಿ ಸೇರಿಸಿರುತ್ತಾರೆ. ನೊಂದವರನ್ನು ನೆರೆಹೊರೆಯವರು ಗುರುತು ಹಿಡಿಯಬಾರದೆಂಬ ಕಾಳಜಿ ಇದರ ಹಿಂದಿದೆ. ಅದು ಸರಿಯಾದದ್ದೇ ಎಂದು ನಾನು ದೃಢವಾಗಿ ನಂಬುತ್ತೇನೆ.

ಹೀಗಾಗಿ ಚುಕ್ಕೆ ಎಣಿಸುವುದಕ್ಕಿಂತ ಪಟ್ಟಿ ತೆರೆದು ಯಾವ ಬಗೆಯ ಅಪರಾಧ ಎಂದು ನೋಡಬೇಕು, ಹಿಂದಿನ ಹಲವು ತಿಂಗಳುಗಳ ಜೊತೆ ಹೋಲಿಸಬೇಕು. ಪೇಟೆಯ ನಡುವೆ, ರೈಲು ನಿಲ್ದಾಣದ ಬಳಿ ಸಂಖ್ಯೆ ಹೆಚ್ಚಿರುವುದಕ್ಕೆ ಅಲ್ಲಿ ಓಡಾಡುವ ಜನಸಂಖ್ಯೆಯೂ ಕಾರಣ. ನಕ್ಷೆ ಖಾಲಿ ಇದ್ದರೆ ಹಿಗ್ಗಬೇಕಾಗಿಯೂ ಇಲ್ಲ: 2019ರಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ತಮ್ಮ ಕಂಪ್ಯೂಟರ್ ವ್ಯವಸ್ಥೆ ಬದಲಿಸಿದ ಮೇಲೆ ಆ ಭಾಗದ ಮಾಹಿತಿ ಬಹಳ ಕಾಲ ನಕ್ಷೆಗೆ ಬರಲೇ ಇಲ್ಲ. ಸ್ಕಾಟ್ಲೆಂಡಂತೂ ಈ ವ್ಯವಸ್ಥೆಯ ಹೊರಗೇ ಇದೆ.

ಇಷ್ಟನ್ನು ತಿಳಿದುಕೊಂಡ ಮೇಲೆ ನಮ್ಮ ರಾಜ್ಯದ ಸ್ಥಿತಿ ಇನ್ನಷ್ಟು ಚುಚ್ಚಿತು. 2016ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶದಂತೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕು. ಆರೋಪಿಯ ಹಕ್ಕಿನ ದೃಷ್ಟಿಯಿಂದ ಅದು ಬೇಕಾದದ್ದೇ. ಆದರೆ ಎಫ್‌ಐಆರ್ ಎಂದರೆ ದೂರುದಾರರ ಹೆಸರು, ವಿಳಾಸಗಳಿರುವ ಕಾಗದ. ಮನೆಗಳ್ಳತನಕ್ಕೆ ಒಳಗಾದ ವೃದ್ಧೆಯೊಬ್ಬರ ಮನೆ ಎಲ್ಲಿದೆಯೆಂದು ಅದರಿಂದ ಅಪರಿಚಿತನಿಗೂ ತಿಳಿಯಬಹುದು. ತನ್ನ ಬಡಾವಣೆಯಲ್ಲಿ ಆರು ತಿಂಗಳಿಂದ ಎಷ್ಟು ಸರಗಳ್ಳತನವಾಗಿದೆ ಎಂದು ತಿಳಿಯಬಯಸುವ ನಾಗರಿಕನು ಮಾತ್ರ ಒಂದೊಂದೇ ಪ್ರಕರಣ ಹುಡುಕುತ್ತಾ ಕೂರಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಯಲ್ಲಿ ಬಡಾವಣೆಯ ಲೆಕ್ಕ ಸಿಗುವುದಿಲ್ಲ.

ಠಾಣೆಗಳ ದಾಖಲೆಗಳು ಈಗಾಗಲೇ ಕಂಪ್ಯೂಟರಿನಲ್ಲಿವೆ. ಹೆಸರು, ಮನೆ ಸಂಖ್ಯೆ, ದಿನಾಂಕಗಳನ್ನು ತೆಗೆದು, ಅಪರಾಧದ ಬಗೆ ಮತ್ತು ತನಿಖೆಯ ಹಂತವನ್ನಷ್ಟೇ ವಾರ್ಡುವಾರು ತಿಂಗಳಿಗೊಮ್ಮೆ, ಬಳಸುವ ಕ್ರಮದ ವಿವರಣೆಯೊಂದಿಗೆ ಕನ್ನಡದಲ್ಲಿ ಪ್ರಕಟಿಸಬೇಕೆಂದು ರಾಜ್ಯ ಪೊಲೀಸ್ ಇಲಾಖೆಯನ್ನು ಕೋರುತ್ತೇನೆ. ಬೆಂಗಳೂರು, ಮೈಸೂರುಗಳ ಒಂದೆರಡು ವಾರ್ಡುಗಳಿಂದ ಆರಂಭಿಸಿದರೂ ಆದೀತು.

– ನಿವೃತ್ತ ಶಿಕ್ಷಕ, ಮೈಸೂರು