ನೀರಿಗೆ ಕವಡೆ ಹಾಕಬಾರದೆಂದು ಕಲಿಸಿದವರಿಗೆ

ಶರಾವತಿ ಕಣಿವೆಯ ಮುಳುಗಡೆಯನ್ನು ಕುರಿತ ನಮ್ಮ ‘ಏರುನೀರು’ ಎಂಬ ರೋಲ್‌ಪ್ಲೇಯಿಂಗ್ ಆಟದ ಮೊದಲ ಮುದ್ರಣದ 200 ಪ್ರತಿಗಳಲ್ಲಿ ಕೊನೆಯದು ಕಳೆದ ವಾರ ಆಡುವವರ ಕೈ ಸೇರಿತು. ಎರಡು ವರ್ಷಗಳ ಕಾಲ ಈ ಆಟವನ್ನು ಅರೆಬೆಂದ ಸ್ಥಿತಿಯಲ್ಲಿಯೇ ಆಡಿ, ಮುಲಾಜಿಲ್ಲದೆ ಅಭಿಪ್ರಾಯ ಬರೆದುಕೊಟ್ಟವರ ಋಣವನ್ನು ಹೇಳಿಕೊಳ್ಳಲು ಈ ಬರಹ.

ಒಬ್ಬರು ಕಥೆ ನಡೆಸುವುದು, ಉಳಿದವರು ಒಂದೊಂದು ಪಾತ್ರವಾಗಿ ಮಾತನಾಡುವುದು, ತೀರ್ಮಾನವಾಗದಿದ್ದಲ್ಲಿ ದಾಳ ಉರುಳಿಸುವುದು, ಇಷ್ಟೇ ರೋಲ್‌ಪ್ಲೇಯಿಂಗ್ ಆಟದ ಬಗೆ. ಇಂಥ ಮೊದಲ ಆಟ ಅಚ್ಚಾದದ್ದು 1974ರಲ್ಲಿ, ಅಮೆರಿಕದಲ್ಲಿ. ಆದರೆ ಪ್ರಸಂಗದ ಪದ್ಯವಷ್ಟೇ ನಿಗದಿ, ಮಾತೆಲ್ಲ ಪಾತ್ರ ವಹಿಸಿದ ಅರ್ಥಧಾರಿಯದು ಎಂಬ ತಾಳಮದ್ದಳೆಯನ್ನು ಕೇಳುತ್ತ ಬೆಳೆದ ನಮ್ಮ ಕಡೆಯವರಿಗೆ ಇದನ್ನು ವಿವರಿಸಲು ನನಗೆ ಎಂದೂ ಹೆಚ್ಚು ಹೊತ್ತು ಹಿಡಿದಿಲ್ಲ.

ಮೂರು ಭಾನುವಾರ ಪಟ್ಟು ಬಿಡದೆ ಕುಳಿತ ತೀರ್ಥಹಳ್ಳಿಯ ಕಾಲೇಜು ಹುಡುಗರಿಗೆ, ‘ನಿಮ್ಮ ಸೂತ್ರಧಾರ ಇಷ್ಟು ಮಾತಾಡಿದರೆ ಉಳಿದವರು ಹೂಂಗುಟ್ಟುವುದಕ್ಕೆ ಮಾತ್ರ ಕೂತ ಹಾಗಾಯಿತು’ ಎಂದು ಮುಖಕ್ಕೆ ಹೇಳಿದ ಹೊಸನಗರದ ಅರ್ಥಧಾರಿಗಳಿಗೆ, ಕರಡನ್ನು ನಾಲ್ಕು ಸಲ ತಿದ್ದಿದ ಶಿವಮೊಗ್ಗದ ಗೆಳತಿಗೆ, ಹೊಳೆಬಾಗಿಲಿನ ಕೊನೆಯ ಲಾಂಚ್ ತಪ್ಪಿದರೂ ಚಿಂತಿಸದೆ ಆಟ ಮುಗಿಸಿದ, ಹಿನ್ನೀರಿನಾಚೆಯ ತುಮರಿಯ ಇಬ್ಬರಿಗೆ (ಆಗಿನ್ನೂ ಸೇತುವೆ ಆಗಿರಲಿಲ್ಲ), ಮತ್ತು ಪ್ರತಿ ಸಲವೂ ಅಷ್ಟೂ ಜನಕ್ಕೆ ಅವಲಕ್ಕಿ, ಕಷಾಯ ಒದಗಿಸಿದ ನನ್ನ ಅಕ್ಕನಿಗೆ ಮನಃಪೂರ್ವಕ ವಂದನೆಗಳು.

ಇನ್ನು ಭಾವನ ವಿಷಯ. ಅದಕ್ಕೆ ಮೊದಲು ಆ ಆಷಾಢದ ರಾತ್ರಿಯನ್ನು ಹೇಳಬೇಕು.

ಆಗ ಆಟದ ನಿಯಮ ಹೀಗಿತ್ತು: ಪ್ರತಿ ಸುತ್ತಿನಲ್ಲಿ ನೀರಿನ ಹೆಸರಿನಲ್ಲಿ ನಾಲ್ಕು ಕವಡೆ ಹಾಕಬೇಕು. ನಾಲ್ಕೂ ಬೋರಲು ಬಿದ್ದರೆ ನೀರು ಒಮ್ಮೆಗೇ ಎರಡು ಮೆಟ್ಟಿಲು ಏರುತ್ತದೆ, ನಾಲ್ಕೂ ಅಂಗಾತ ಬಿದ್ದರೆ ಆ ಸುತ್ತಿನ ಮಟ್ಟಿಗೆ ನಿಲ್ಲುತ್ತದೆ. ಈ ನಿಯಮದ ಬಗ್ಗೆ ನನಗೆ ಸಣ್ಣದಲ್ಲದ ಜಂಬವಿತ್ತು. ಸಾಗರದ ಸಮೀಪದ ಅಕ್ಕನ ಮನೆಯಲ್ಲಿ ಆ ಸಂಜೆ ಕರೆಂಟು ಹೋಗಿ, ಲಾಟೀನಿನ ಬೆಳಕಿನಲ್ಲಿ ಐದು ಜನ ಆಡುತ್ತಿದ್ದರು. ಭಾವನ ಸಂಬಂಧದ ಅಜ್ಜಿಯೊಬ್ಬರು ಜಗಲಿಯ ಕಂಬಕ್ಕೆ ಒರಗಿ ಕವಳ ಹಾಕುತ್ತ ನೋಡುತ್ತಿದ್ದರು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅವರು ಮದುವೆಯಾಗಿ ಬಂದ ಎರಡೇ ವರ್ಷಕ್ಕೆ, ಆ ನೀರಿಗಾಗಿ ಮನೆ ಬಿಟ್ಟು ಎದ್ದವರು. ಮೂರನೆಯ ಸುತ್ತಿನಲ್ಲಿ ನಾಲ್ಕೂ ಕವಡೆ ಅಂಗಾತ ಬಿದ್ದವು. ನೀರು ನಿಂತಿತೆಂದು ಹುಡುಗರು ಚಪ್ಪಾಳೆ ತಟ್ಟಿದರು.

‘ನೀರು ಕವಡೆ ಕೇಳಿ ಬರಲಿಲ್ಲ, ತಮ್ಮಾ’ ಎಂದರು ಅಜ್ಜಿ. ಸಿಟ್ಟಿನಿಂದಲ್ಲ, ತಿಳಿಯದವನಿಗೆ ತಿಳಿಸುವ ಹಾಗೆ. ಆಮೇಲೆ ಎದ್ದು ಒಳಗೆ ಹೋದರು. ಆಟ ಅಲ್ಲಿಗೆ ನಿಂತಿತು. ಯಾರೂ ಮುಂದುವರಿಸೋಣ ಎನ್ನಲಿಲ್ಲ.

ಎಲ್ಲರೂ ಮಲಗಿದ ಮೇಲೆ ನಾನು ಅಲ್ಲಿಯವರೆಗೆ ಬಂದಿದ್ದ 31 ಅಭಿಪ್ರಾಯ ಪತ್ರಗಳನ್ನೂ ನಿಯಮಗಳ ಕರಡನ್ನೂ ಎತ್ತಿಕೊಂಡು ಬಚ್ಚಲೊಲೆಯ ಮುಂದೆ ಹೋಗಿ ಕುಳಿತೆ. ನನ್ನ ಮನೆಯೇನೂ ಮುಳುಗಿರಲಿಲ್ಲ. ಮುಳುಗಿದವರ ಮನೆಯನ್ನು ಕವಡೆಗೆ ಕಟ್ಟಿ, ಪೆಟ್ಟಿಗೆಯಲ್ಲಿ ಹಾಕಿ ಮಾರಲು ಹೊರಟಿದ್ದೇನೆ ಎಂಬ ಒಂದೇ ಯೋಚನೆ ತಲೆಯನ್ನು ಕೊರೆಯುತ್ತಿತ್ತು. ಅತ್ತುಬಿಟ್ಟೆ ಎಂದು ಇಲ್ಲಿ ಬರೆಯಲು ಈಗಲೂ ಸಂಕೋಚವಿದೆ, ಆದರೆ ಅತ್ತದ್ದು ನಿಜ.

ಭಾವ ಎದ್ದು ಬಂದದ್ದು ಆಗ. ಅವರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು; ಚೌಕಾಬಾರ ಬಿಟ್ಟರೆ ಬೇರೆ ಆಟ ಆಡಿದವರಲ್ಲ. ನನ್ನನ್ನು ಸಮಾಧಾನ ಮಾಡಲು ಅವರು ಒಂದು ಮಾತನ್ನೂ ಖರ್ಚು ಮಾಡಲಿಲ್ಲ. ‘ಲೆಕ್ಕದ ಕಾಗದ ಸುಡುವ ಪದ್ಧತಿ ನಮ್ಮಲ್ಲಿಲ್ಲ ಮಾರಾಯ, ಕೊಡು ಇಲ್ಲಿ’ ಎಂದು ಕಟ್ಟನ್ನು ಕೈಯಿಂದ ತೆಗೆದುಕೊಂಡು, ಜಗಲಿಯಲ್ಲಿ ಹಳೆಯ ಖಾತೆ ಪುಸ್ತಕವೊಂದರ ಖಾಲಿ ಹಾಳೆಗೆ ನಡುವೆ ಗೆರೆ ಎಳೆದರು. ಹೊಗಳಿಕೆಯನ್ನು ಖರ್ಚಿನ ಕಡೆಗೂ ತಕರಾರನ್ನು ಜಮೆಯ ಕಡೆಗೂ ಬರೆಯಬೇಕೆಂದು ತೀರ್ಮಾನಿಸಿದವರು ಅವರೇ. ನಾನು ಓದುತ್ತ ಹೋದೆ, ಅವರು ಬರೆಯುತ್ತ ಹೋದರು.

ಹೊಗಳಿದವರೆಲ್ಲರೂ ನೀರು ಏರುವಾಗಿನ ರೋಮಾಂಚನವನ್ನೇ ಹೊಗಳಿದ್ದರು. ತಮ್ಮ ಪಾತ್ರ ಏನು ಮಾಡಿತೆಂಬುದು ಅವರ ಪತ್ರಗಳಲ್ಲಿ ಒಂದು ಸಾಲೂ ಇರಲಿಲ್ಲ. ಜಮೆಯ ಕಡೆಯಲ್ಲಿ ಮಾತ್ರ ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂತು. ಏಳು ಪತ್ರಗಳು, ಒಂದಕ್ಕೊಂದು ಸಂಬಂಧವಿಲ್ಲದ ಊರುಗಳಿಂದ ಬಂದವು, ಕೊಟ್ಟಿಗೆಯ ದನಗಳು ಏನಾದವೆಂದು ಕೇಳಿದ್ದವು. ಇದನ್ನು ನಾನು ಬರಿಯ ಭಾವುಕತೆಯೆಂದು ಪಕ್ಕಕ್ಕಿಟ್ಟಿದ್ದೆ. ಅಜ್ಜಿ ಬಾಯಲ್ಲಿ ಹೇಳಿದ್ದನ್ನೇ ಈ ಏಳು ಜನ ತಮಗೆ ಅರಿವಿಲ್ಲದೆ ಕಾಗದದಲ್ಲಿ ಬರೆದಿದ್ದರೆಂದು ಹೊಳೆಯುವಷ್ಟರಲ್ಲಿ ಮೂರು ಗಂಟೆ ದಾಟಿತ್ತು. ನೀರಿನಲ್ಲಿ ಅದೃಷ್ಟದ ಮಾತೇ ಇರಲಿಲ್ಲ. ಜಲಾಶಯದ ಪೂರ್ಣ ಮಟ್ಟ 1819 ಅಡಿ. ಅದು ನಕ್ಷೆಯ ಮೇಲೆ ಮೊದಲೇ ನಿಂತಿದ್ದ ಗೆರೆ, ನೀರು ಆಮೇಲೆ ಬಂದು ಆ ಗೆರೆಯನ್ನು ಮುಟ್ಟಿತು. ಗಾಡಿಯಲ್ಲಿ ಏನು ಹಿಡಿಸುತ್ತದೆ, ಯಾರು ಮೊದಲು ಹೊರಡುತ್ತಾರೆ, ಕರು ದೋಣಿ ಹತ್ತುತ್ತದೆಯೋ ಇಲ್ಲವೋ ಎಂಬುದಷ್ಟೇ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಕವಡೆಗಳು ನೀರನ್ನು ಬಿಟ್ಟು ಅಂಗಳಕ್ಕೆ ಬಂದವು. ಈಗ ನೀರು ಪ್ರತಿ ಸುತ್ತಿಗೆ ಒಂದೇ ಒಂದು ಮೆಟ್ಟಿಲು, ತಪ್ಪದೆ, ಏರುತ್ತದೆ.

ಭಾವ ಅಷ್ಟಕ್ಕೂ ಬಿಡಲಿಲ್ಲ. ‘ನಾಲ್ಕೂ ಬೋರಲು ಬೀಳುವುದು 16ಕ್ಕೆ ಒಂದು ಸಲ ಅಂತ ಬರೆದಿದ್ದೀಯ, ಇದು ಎಲ್ಲಿಯ ಲೆಕ್ಕ?’ ಎಂದರು. ಪ್ರತಿಯೊಂದು ಕವಡೆಯೂ ಅರ್ಧ ಸಲ ಬೋರಲು, ಅರ್ಧ ಸಲ ಅಂಗಾತ ಬೀಳುತ್ತದೆಂದು ಹಿಡಿದ ಲೆಕ್ಕ ಅದು. ಅವರು ಮನೆಯ ನಾಲ್ಕು ಕವಡೆಗಳನ್ನು ತಂದು ಹಾಕತೊಡಗಿದರು. ನಾಲ್ಕು ಗೀಟು, ಮೇಲೊಂದು ಅಡ್ಡಗೀಟು, ಹೀಗೆ ಐದೈದರ ಕಟ್ಟುಗಳಲ್ಲಿ 400 ಸಲ. ಅರ್ಧ ಚಾಪೆಯ ಮೇಲೆ, ಅರ್ಧ ಬರಿಯ ನೆಲದ ಮೇಲೆ. ಬೆಳಗಿನ ಹೊತ್ತಿಗೆ ನನ್ನ ಲೆಕ್ಕ ನಾಣ್ಯಕ್ಕೆ ಸರಿಯೇ ಹೊರತು ಆ ಮನೆಯ ಕವಡೆಗಲ್ಲ ಎಂಬುದು ಖಾತೆ ಪುಸ್ತಕದಲ್ಲಿ ಗೀಟುಗಳಾಗಿ ಕುಳಿತಿತ್ತು. ಚಾಪೆಗೂ ನೆಲಕ್ಕೂ ಸಹ ತಾಳೆಯಾಗಲಿಲ್ಲ. ಆದ್ದರಿಂದಲೇ ಈಗಿನ ನಿಯಮ ಯಾವ ಅಂಕಿಯನ್ನೂ ಕೇಳುವುದಿಲ್ಲ. ಮಾತು ತೀರ್ಮಾನವಾಗದ ಇಬ್ಬರು ಆಟಗಾರರೂ ಅದೇ ನಾಲ್ಕು ಕವಡೆಗಳನ್ನು ಅದೇ ಜಾಗದಲ್ಲಿ ಹಾಕಬೇಕು, ಹೆಚ್ಚು ಅಂಗಾತ ಬಿದ್ದವರ ಮಾತು ನಡೆಯುತ್ತದೆ.

ಆ ರಾತ್ರಿ ಅವರು ಕಟ್ಟನ್ನು ಕಸಿದುಕೊಳ್ಳದಿದ್ದರೆ ಆಟ ಉಳಿಯುತ್ತಿರಲಿಲ್ಲ ಎನ್ನುವುದು ಸಣ್ಣ ಮಾತು. ಅಭಿಪ್ರಾಯ ಕೇಳುವುದೆಂದರೆ ಹೊಗಳಿಕೆಗೆ ಕಾಯುವುದೆಂದೇ ತಿಳಿದಿದ್ದವನು ನಾನು, ಮತ್ತು ಹಾಗೆಯೇ ಉಳಿದುಬಿಡುತ್ತಿದ್ದೆ. ಭಾವ ಇಂದಿನವರೆಗೂ ಈ ಆಟವನ್ನು ಆಡಿಲ್ಲ. ಕೇಳಿದಾಗಲೆಲ್ಲ ಅಡಿಕೆ ಸುಗ್ಗಿ ಮುಗಿಯಲಿ ಎನ್ನುತ್ತಾರೆ. ಎರಡು ಸುಗ್ಗಿ ಮುಗಿದಿವೆ.

ಮೊದಲ ಪ್ರತಿಯನ್ನು ಅಜ್ಜಿಗೆ ಕೊಟ್ಟೆ. ಅವರು ಪುಸ್ತಕವನ್ನು ಅಕ್ಕನ ಕೈಗಿತ್ತು, ಊರಿನ ನಕ್ಷೆಯ ಹಾಳೆಯನ್ನು ಮಾತ್ರ ಮಡಿಲಲ್ಲಿ ಬಿಡಿಸಿ, ಹೊಳೆಯ ಗೆರೆಯುದ್ದಕ್ಕೂ ಬೆರಳಾಡಿಸಿ, ಒಂದು ಕಡೆ ನಿಲ್ಲಿಸಿದರು. ‘ಚೌಡಿ ಬನ ಹೊಳೆಯ ಈಚೆಗಿತ್ತು’ ಎಂದರು. ನಾನು ಆಚೆಗೆ ಬರೆದಿದ್ದೆ. ಪ್ರತಿಗಳನ್ನು ಕೊಂಡವರು ದಯವಿಟ್ಟು ಪೆನ್ಸಿಲಿನಿಂದ ತಿದ್ದಿಕೊಳ್ಳಿ: ಬನ ಕಣದ ಬಲಕ್ಕೆ, ಹೊಳೆಯ ಈಚೆ ದಡದಲ್ಲಿ.